ತಾರೆಯ ಮುಖಕ್ಕೆ ಚಿನ್ನ ಬಳಿಯುವ ಹೇರಾಕಾಜಿ

ಲಂಡನ್ನು, ಮೇ ತಿಂಗಳ ಬೆಳಗಿನ ಐದು ಗಂಟೆ. ಹೇಸ್‌ನ ಬಾಡಿಗೆ ಮನೆಯೊಂದರ ಹಿತ್ತಲ ಶೆಡ್ಡಿನಲ್ಲಿ ಹೇರಾಕಾಜಿ ಶಾಕ್ಯ ಚಾಪೆಯ ಮೇಲೆ ಕುಳಿತಿದ್ದಾರೆ. ಎದುರಿಗೆ ಬೌದ್ಧರ ತಾರಾದೇವಿಯ ಮೊಳದುದ್ದದ ತಾಮ್ರದ ವಿಗ್ರಹ. ಅಂಟಿನಲ್ಲಿ ಕಲಸಿದ ಚಿನ್ನದ ಪುಡಿಯನ್ನು ಮೂರೇ ಕೂದಲಿನ ಕುಂಚದಿಂದ ದೇವಿಯ ಕೆನ್ನೆಗೆ ಬಳಿಯುತ್ತಿದ್ದಾರೆ. ಒಂದು ಎಳೆ ಮುಗಿಯುವವರೆಗೆ ಉಸಿರು ಬಿಡುವುದಿಲ್ಲ. ತಲೆಯ ಮೇಲೆ ವಿಮಾನ ಹಾದುಹೋದರೂ ಕೈ ಅಲುಗುವುದಿಲ್ಲ.

ನಾನು ಕಾಲು ಚಾಚಿದ್ದನ್ನು ಕಂಡು, ಕುಂಚ ಎತ್ತಿಟ್ಟು ಹೇಳುತ್ತಾರೆ: "ಆ ಕಡೆ ಕಾಲ ಮಾಡಬ್ಯಾಡ್ರಿ. ಆಕಿ ಈಗ ಅಲ್ಲೇ ಅದಾಳ."

ಮೂಲೆಯಲ್ಲಿ ಬಿಳಿ ರೇಷ್ಮೆಬಟ್ಟೆ ಹೊದಿಸಿದ ತಾಮ್ರದ ತಂಬಿಗೆ. ಪೂಜೆಗೊಂಡ ವಿಗ್ರಹವನ್ನು ಬಿಚ್ಚುವ ಮೊದಲು ಲಾಮಾ ಬಂದು ದೇವಿಯನ್ನು ತಂಬಿಗೆಯ ನೀರಿಗೆ ಇಳಿಸಬೇಕು. ನಮ್ಮಲ್ಲಿ ಜೀರ್ಣೋದ್ಧಾರಕ್ಕೆ ಮುಂಚೆ ಕಲಶಕ್ಕೆ ಆವಾಹಿಸುವ ಹಾಗೆಯೇ.

ನನ್ನ ಮನೆಯವಳು ತೀರಿಕೊಂಡ ಮೇಲೆ, ಅವಳು ಪೂಜಿಸುತ್ತಿದ್ದ ಬಾಲಕೃಷ್ಣನ ಮುರಿದ ಬೆರಳಿಗೆ ಬೆಸುಗೆ ಹಾಕಿಸಲು ಹೋದಾಗ ಹೇರಾಕಾಜಿಯವರ ಪರಿಚಯವಾಯಿತು. ಇವರು ಬಾಯಿ ತೆರೆದರೆ ಮುಂಡಗೋಡದ ಕನ್ನಡ! ಇವರ ಮುತ್ತಜ್ಜ ನೇಪಾಳದ ಲಲಿತಪುರದ ನೇವಾರ ಜನಾಂಗದ ವಿಗ್ರಹಗಾರ. ಹೇಸರಗತ್ತೆಗಳ ಮೇಲೆ ಹಿತ್ತಾಳೆ ಪಾತ್ರೆ, ವಿಗ್ರಹ ಹೇರಿಕೊಂಡು ಲಾಸಾಕ್ಕೆ ಹೋದವರು. ಅಜ್ಜ ಅಲ್ಲೇ ಅಂಗಡಿ ಇಟ್ಟು ಟಿಬೆಟಿನ ಹೆಣ್ಣನ್ನು ಮದುವೆಯಾದರು. ಅಂಥ ಮನೆಗಳಲ್ಲಿ ಹುಟ್ಟಿದ ಗಂಡು ನೇಪಾಳದ ಪ್ರಜೆ, ಹೆಣ್ಣು ಟಿಬೆಟಿನ ಪ್ರಜೆ ಎಂಬುದು ಆಗಿನ ಕಟ್ಟಳೆ. "ಲಾಸಾದಾಗ ನಮ್ಮಪ್ಪ ನೇಪಾಳಿ, ಅವರಕ್ಕ ಟಿಬೆಟಿಯನ್. ಲಲಿತಪುರಕ್ಕ ಹೋದ್ರ ಇಬ್ಬರನ್ನೂ ಹೊರಗಿನವರು ಅಂದ್ರು" ಎಂದು ನಗುತ್ತಾರೆ.

ಗಿರಾಕಿಗಳಾದ ಟಿಬೆಟಿನವರು ದೇಶಬಿಟ್ಟು ಮುಂಡಗೋಡದ ನಿರಾಶ್ರಿತರ ಶಿಬಿರಕ್ಕೆ ಬಂದಾಗ ಅಪ್ಪನೂ ಅವರ ಹಿಂದೆಯೇ ಬಂದರು. ಹೇರಾಕಾಜಿಗೆ ಆಗ ಏಳು ವರ್ಷ. ಈಗ ಅರವತ್ತಾರು. ಲಂಡನ್ನಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ವಾರಕ್ಕೆ ನಾಲ್ಕು ದಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾರೆ, ಮೂರು ದಿನ ದೇವರ ಕೆಲಸ. ತಿಂಗಳಿಗೆ ಐದಾರು ವಿಗ್ರಹ. ಬಹುಪಾಲು ಗಣಪತಿ, ಲಕ್ಷ್ಮಿ. ಟಿಬೆಟಿನವರ ಮನೆಯದು ಒಂಬತ್ತು ವರ್ಷದಿಂದ ಒಂದೂ ಬಂದಿರಲಿಲ್ಲ.

ಕಾರಣ ಇದೇ ತಾರೆ. ಆಗ ರಿಪೇರಿಗೆ ಬಂದಿದ್ದ ಇದರ ಪೀಠದೊಳಗೆ ಪಸೆ ಕಂಡು, ಒಳಗಿನ ಮಂತ್ರದ ಸುರುಳಿಗಳು ಕೊಳೆತಾವೆಂದು, ಲಾಮಾ ಬರುವ ಮೊದಲೇ ಇವರು ತಳದ ಮುದ್ರೆ ಒಡೆದುಬಿಟ್ಟರು. ಬಚ್ಚಿಡಬಹುದಿತ್ತು. ತಾವೇ ಹೋಗಿ ವಿಗ್ರಹದ ಮನೆಯವರಿಗೆ ಹೇಳಿದರು. "ಜೀವ ಇದ್ದಾಕಿ ಹೊಟ್ಟಿ ಸೀಳಿದಂಗ ಆತ್ರಿ. ಅಮಾಲಾ ಮೂರ್ತಿ ತಗೊಂಡ್ ಹೋದ್ರು. ಆಮ್ಯಾಲ ಯಾರೂ ಬರ್ಲಿಲ್ಲ."

ಅಮಾಲಾ ಎಂದರೆ ಟಿಬೆಟಿನ ಮಾತಿನಲ್ಲಿ ತಾಯಿ. ಕೆಂಟನ್‌ನಲ್ಲಿರುವ ಛೊಕ್ಯಿ ಎಂಬ ಎಂಬತ್ತೊಂದರ ಮುದುಕಿ, ಈ ತಾರೆಯ ಒಡತಿ, ಇವರೂ ಮುಂಡಗೋಡದವರು. ಈಗ ಪೀಠ ಬಿರುಕುಬಿಟ್ಟಾಗ ಮತ್ತೆ ಹೇರಾಕಾಜಿಗೇ ಹೇಳಿ ಕಳಿಸಿದರು. ಈ ಸಲವೂ ತಪ್ಪಿದರೆ ಟಿಬೆಟಿನವರ ಬಾಗಿಲು ಮುಚ್ಚಿದಂತೆಯೇ.

ಹತ್ತು ಗಂಟೆಗೆ ಅವರೇ ಬರುತ್ತಾರೆ. ಹೊಳೆಯುವ ಮುಖವನ್ನು ನೋಡುವುದೇ ಇಲ್ಲ. ವಿಗ್ರಹವನ್ನು ಮಗುವಿನಂತೆ ಮಡಿಲಲ್ಲಿ ಮಲಗಿಸಿಕೊಂಡು, ತಳದಲ್ಲಿ ಲಾಮಾ ಒತ್ತಿದ ಹೊಸ ಮುದ್ರೆಯನ್ನು ಬೆರಳಿಂದ ಸವರುತ್ತಾರೆ.

"ಏನೋ ನೇಪಾಳಿ, ಈ ಸಲ ಕೈ ಕಟ್ಕೊಂಡ್ ಕುಂತಿದ್ದಿ?"

"ಹತ್ತೊಂಬತ್ತು ದಿನ, ಅಮಾಲಾ. ಲಾಮಾ ಬರೋತನಕ ಧೂಳೂ ಒರಸಿಲ್ಲ."

"ಧೂಳ್ ಒರಸಿದ್ರ ನಡೀತಿತ್ತಲ್ಲೋ, ಹುಚ್ಚಾ!"

ಶೆಡ್ಡು ತುಂಬ ನಗು. ಮನೆಯಲ್ಲಿ ಲಾಮಾ ಮತ್ತೆ ವಿಗ್ರಹಕ್ಕೆ ತುಂಬುವವರೆಗೆ ದೇವಿಯಿರುವ ತಂಬಿಗೆಯನ್ನು ಬಸ್ಸಿನಲ್ಲಿ ಒಯ್ಯುತ್ತೇನೆಂದು ಅವರು, ಬ್ರೇಕ್ ಹಾಕಿದರೆ ಚೆಲ್ಲುತ್ತದೆಂದು ಇವರು. ಕೊನೆಗೆ ಟ್ಯಾಕ್ಸಿ ಬರುತ್ತದೆ. ಹತ್ತುವಾಗ ಮುದುಕಿ ತಿರುಗಿ, "ನನ್ನ ತಂಗಿ ಮನ್ಯಾಗ ಎರಡು ಮೂರ್ತಿ ಅದಾವು. ಭಾನುವಾರ ಬಾ" ಎನ್ನುತ್ತಾರೆ.

ಹೇರಾಕಾಜಿ ಕುಂಚ ತೊಳೆಯುತ್ತಾ ಹೇಳುತ್ತಾರೆ: "ನಾಲ್ಕು ತಲಿಮಾರು ಆತ್ರಿ, ಟಿಬೆಟಿನವರ ಮನಿದೇವ್ರು ನಮ್ಮ ಕೈಯಾಗ. ನನ್ನ ಕೈಯಾಗ ಅದು ನಿಂತ್ ಹೋಗಬಾರದು ಅಂತ ಇತ್ತು. ನಿಲ್ಲಲಿಲ್ಲ."