ಗಂಗಾಲಕ್ಷ್ಮಿ ಮನೆಯ ಕರಡಿ ಐಸ್‌ಕ್ರೀಮ್

ಗಂಗಾಲಕ್ಷ್ಮಿ ಅಂಗನವಾಡಿಯ ಸಹಾಯಕಿಯಾಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಗೌನಿಪಲ್ಲಿಯಿಂದ ಒಳಗೆ, ಮಾವಿನ ತೋಪುಗಳ ನಡುವಿನ ಊರು. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಅನ್ನ ಸಾರು ಮಾಡುವುದು ಅವಳ ಕೆಲಸ. ಮಕ್ಕಳನ್ನು ಅವಳು ಸೊಂಟದ ಮೇಲೆ ಕೂರಿಸಿಕೊಂಡು ಬಂದರೂ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಊಟದ ಹೊತ್ತಾಗುತ್ತಲೇ ಮೇಲಿನ ಬೀದಿಯವರು ಬಂದು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಕಾಲೊನಿಯವಳು ಬೇಯಿಸಿದ್ದನ್ನು ತಿನ್ನಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. "ಮಗೂಗೆ ಹೊಟ್ಟೆ ಸರಿಯಿಲ್ಲ" ಎನ್ನುತ್ತಿದ್ದರು. ಹನ್ನೊಂದು ವರ್ಷವಾದರೂ ಆ ಬೀದಿಯ ಮಕ್ಕಳ ಹೊಟ್ಟೆ ಸರಿಹೋಗಲೇ ಇಲ್ಲ.

ಅವಳ ಮಗಳು ರಂಜಿತ ನರಸಾಪುರದ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾಳೆ. ಮೊದಲ ವರ್ಷದ ದುಡಿಮೆಯಲ್ಲಿ ಮನೆಗೊಂದು ಫ್ರಿಜ್ ತಂದಳು. ಹೋದ ಮೇ ತಿಂಗಳಲ್ಲಿ ರಜೆಗೆ ಬಂದವಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಗಾಜಿನ ಲೋಟದಲ್ಲಿ ಪದರ ಪದರವಾಗಿ ಹಣ್ಣು, ಬಿಸ್ಕತ್ತಿನ ಪುಡಿ, ಐಸ್‌ಕ್ರೀಮು. ಮೇಲೆ ಪುಟ್ಟ ಕರಡಿಯ ಮುಖ.

"ಪಾರ್ಫೆ ಅಂತಾರಂತಮ್ಮಾ ಇದಕ್ಕೆ."

"ಹೆಸರೇನಾದ್ರೂ ಇರ್ಲಿ ಕಣೇ, ಕರಡಿ ಮುದ್ದಾಗೈತೆ. ನಮ್ ಮಕ್ಕಳಿಗೆ ಮಾಡೋಣ."

ಆ ವಾರವೇ ಒಂದನೇ ಕ್ಲಾಸಿಗೆ ಹೋಗುವ ಮಕ್ಕಳಿಗೆ ಅಂಗನವಾಡಿಯಲ್ಲಿ ಬೀಳ್ಕೊಡುಗೆ ಇತ್ತು. ತಾಯಿ ಮಗಳು ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಾಲನ್ನು ಗಟ್ಟಿಯಾಗುವವರೆಗೆ ಕಾಯಿಸಿ, ಕೆನೆ ಬೆರೆಸಿ ಫ್ರೀಜರ್‌ನಲ್ಲಿಟ್ಟರು. ಹೆಪ್ಪುಗಟ್ಟಿದ ಮೇಲೆ ಮಿಕ್ಸಿಯಲ್ಲಿ ತಿರುಗಿಸಿ ಮತ್ತೆ ಇಟ್ಟರು. ಬಾದಾಮಿ ಮಾವಿನ ಹಣ್ಣಿನ ತಿರುಳು ಕೆಳಗೆ, ಬಿಸ್ಕತ್ತಿನ ಪುಡಿ ನಡುವೆ, ಐಸ್‌ಕ್ರೀಮು ಮೇಲೆ. ಒಂದು ಪದರ ಗಟ್ಟಿಯಾಗದೆ ಇನ್ನೊಂದು ಹಾಕಿದರೆ ಎಲ್ಲ ಕಲಸಿ ಪಾಯಸವಾಗುತ್ತಿತ್ತು. ನಡುವೆ ಕರೆಂಟ್ ಹೋದಾಗ, ಯಾರೂ ಬಾಗಿಲು ತೆಗೆಯದಂತೆ ಗಂಗಾಲಕ್ಷ್ಮಿ ಫ್ರಿಜ್ಜಿಗೆ ಬೆನ್ನುಕೊಟ್ಟು ಕುಳಿತಳು. ಕೊನೆಗೆ ಎರಡು ದುಂಡು ಬಿಸ್ಕತ್ತು ಸಿಕ್ಕಿಸಿದರೆ ಕಿವಿ, ಒಣದ್ರಾಕ್ಷಿ ಇಟ್ಟರೆ ಕಣ್ಣು. ಒಂದು ಕರಡಿಯ ಕಣ್ಣು ಮೆಳ್ಳೆಯಾಗಿ ರಂಜಿತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೀಳ್ಕೊಡುಗೆಯ ದಿನ ತಾಯಿ ಮಗಳು ಹೊತ್ತು ತಂದ ಥರ್ಮಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಟೀಚರ್ ಸೌಪರ್ಣಿಕಾ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು. ಮುಳಬಾಗಿಲಿನಿಂದ ದಿನವೂ ಬಸ್ಸಿನಲ್ಲಿ ಬರುವ ಚಿಕ್ಕ ವಯಸ್ಸಿನ ಹುಡುಗಿ, ಮನಸ್ಸು ಒಳ್ಳೆಯದು. ಬುತ್ತಿ ಮಾತ್ರ ಮನೆಯಿಂದಲೇ ತರುತ್ತಿದ್ದರು. ಆಮೇಲೆ ದನಿ ತಗ್ಗಿಸಿದರು.

"ಗಂಗಮ್ಮಾ, ಇದು ಶ್ರೀನಿವಾಸಪುರದ ಬೇಕರಿದು ಅಂದ್ಬಿಡೋಣ. ಆಗ ಎಲ್ಲಾ ಮಕ್ಕಳೂ ತಿಂತಾವೆ."

ಗಂಗಾಲಕ್ಷ್ಮಿಗೆ ನಗು ಬಂತು. "ಬಸ್ ಸ್ಟ್ಯಾಂಡ್ ಹತ್ರದ ಬೇಕರಿನಾ ಟೀಚರ್? ಅಲ್ಲಿ ಒಳಗೆ ನಿಂತು ಕೇಕು ಮಾಡೋನು ನನ್ನ ತಮ್ಮ ಕದಿರೇಶ. ಮೇಲಿನ ಬೀದಿ ಶ್ರೀರಾಮಪ್ಪನವರ ಮೊಮ್ಮಗಳ ಬರ್ತ್‌ಡೇ ಕೇಕೂ ಅವನದೇ. ಇಡೀ ಬೀದಿ ತಿಂತು."

ಟೀಚರ್ ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟರು. "ಹಾಗಾದ್ರೆ ಅದನ್ನೇ ಹೇಳಿ ಅವರಿಗೆ!"

"ಹೇಳಿದ್ರೆ ಅವನ ಕೆಲ್ಸಕ್ಕೆ ಕುತ್ತು. ಅವನ ಸುದ್ದಿ ಬೇಡ. ನಂದು ನಾನು ಹೇಳ್ಕೊಂತೀನಿ. ಇದು ನಮ್ಮನೇದು."

ಶ್ರೀರಾಮಪ್ಪ ಹಿಂದೆ ಪಂಚಾಯಿತಿ ಮೆಂಬರ್ ಆಗಿದ್ದವರು. ಮೊಮ್ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತರು. ಮಕ್ಕಳೆಲ್ಲ ಕರಡಿಗಳ ಸುತ್ತ ಕೂತು ಕಿರುಚುತ್ತಿದ್ದರು.

"ಏನಮ್ಮಾ ಗಂಗಾ, ಅಂಗಡೀದಾ?"

ಟೀಚರ್ ನೆಲ ನೋಡಿದರು. ಗಂಗಾಲಕ್ಷ್ಮಿಯ ತಾಯಿ ಈ ಮನುಷ್ಯನನ್ನು ಜೀವಮಾನವಿಡೀ 'ಅಯ್ಯಾ' ಎಂದೇ ಕರೆದಿದ್ದಳು.

"ಅಲ್ಲ ಶ್ರೀರಾಮಪ್ಪನವರೇ. ನಮ್ಮನೇಲಿ ನನ್ನ ಕೈಯಲ್ಲೇ ಮಾಡಿದ್ದು."

"ಎಂದುಕಮ್ಮಾ ಇವನ್ನೀ?" ಎಂದು ಅವರು ತೆಲುಗಿಗೆ ಹೊರಳಿದರು, ಯಾಕಮ್ಮ ಇದೆಲ್ಲ ಎಂದು. "ಅಂಗಡೀದಾಗಿದ್ರೆ ಪರವಾಗಿರ್ಲಿಲ್ಲ. ಸುಮ್ನೆ ಮಕ್ಕಳ ಆಸೆ ಕೆರಳಿಸ್ತೀಯ."

"ಆಸೆ ಪಡಲಿ ಅಂತಾನೇ ಮಾಡಿದ್ದು. ನಿಮ್ಮ ಮಗೂಗೂ ಇಟ್ಟಿದ್ದೀನಿ. ತಿನ್ನಿಸೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಇವತ್ತು ಹೊಟ್ಟೆ ಸರಿಯಿಲ್ಲ ಅನ್ಬೇಡಿ. ಕಾರಣ ಏನು ಅಂತ ಬಾಯಿಬಿಟ್ಟು ಹೇಳ್ಬಿಟ್ಟು ಕರ್ಕೊಂಡ್ ಹೋಗಿ."

ಶ್ರೀರಾಮಪ್ಪ ಮೊಮ್ಮಗಳನ್ನು ಎತ್ತಿಕೊಂಡು ನಡೆದರು. ಅದರ ಅಳು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಇನ್ನೂ ನಾಲ್ಕು ಮಕ್ಕಳು ಹೋದವು. ಗಂಗಾಲಕ್ಷ್ಮಿ ಒಂದು ಲೋಟವನ್ನು ಟೀಚರ್ ಮುಂದೆ ಹಿಡಿದಳು.

ಸೌಪರ್ಣಿಕಾ ತಮ್ಮ ಬುತ್ತಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಲೋಟ ಈಸಿಕೊಂಡು, ಕರಡಿಯ ಕಿವಿ ಮುರಿದು ಬಾಯಿಗಿಟ್ಟರು. ತಳದ ಮಾವಿನವರೆಗೂ ಚಮಚ ಇಳಿಸಿದರು.

"ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು ಗಂಗಮ್ಮಾ."

ಹೊಗಳಿದ್ದರೂ ಅವಳಿಗೆ ಅಷ್ಟು ಹಿತವಾಗುತ್ತಿರಲಿಲ್ಲ.

ಉಳಿದ ಲೋಟಗಳನ್ನು ಮುಚ್ಚಿಟ್ಟು ಮನೆಗೆ ಒಯ್ಯಲು ಅವಳು ಒಪ್ಪಲಿಲ್ಲ. ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ, ಮೇಲಿನ ಬೀದಿಗೆ ಮುಖಮಾಡಿ, ಮಗಳನ್ನೂ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಟಮಟ ಮಧ್ಯಾಹ್ನ ತಾನೂ ತಿಂದಳು. ಬಾಗಿಲುಗಳಲ್ಲಿ ನಿಂತು ನೋಡುವವರು ನೋಡಿದರು.

ಹದಿನೈದು ದಿನಕ್ಕೆ ಇಲಾಖೆಯಿಂದ ನೋಟಿಸ್ ಬಂತು. ಅನುಮತಿಯಿಲ್ಲದೆ ಮನೆಯ ಪದಾರ್ಥ ಹಂಚಿದ್ದೇಕೆ, ವಿವರಣೆ ಕೊಡಿ ಎಂದು. ದೂರು ಕೊಟ್ಟವರ ಹೆಸರಿರಲಿಲ್ಲ. ತಪ್ಪಾಯಿತೆಂದು ಬರೆದರೆ ಮುಗಿಯುತ್ತದೆ ಎಂದರು ಸೌಪರ್ಣಿಕಾ. ಹತ್ತನೇ ಕ್ಲಾಸು ದಾಟದ ಗಂಗಾಲಕ್ಷ್ಮಿ ಮಗಳ ಕೈಗೂ ಪೆನ್ನು ಕೊಡದೆ ತಾನೇ ಬರೆದಳು: "ನಾನು ಹನ್ನೊಂದು ವರ್ಷದಿಂದ ಸರ್ಕಾರದ ಅಕ್ಕಿ ಬೇಯಿಸುತ್ತಿದ್ದೇನೆ. ಅದನ್ನು ಕೆಲವು ಮಕ್ಕಳಿಗೆ ತಿನ್ನಲು ಬಿಡುತ್ತಿಲ್ಲ. ಅದಕ್ಕೆ ಯಾರಿಗೆ ನೋಟಿಸ್ ಕೊಟ್ಟಿದ್ದೀರಿ? ಐಸ್‌ಕ್ರೀಮಿಗೆ ಅನುಮತಿ ಬೇಕಿದ್ದರೆ ಮುಂದಿನ ವರ್ಷ ಮೊದಲೇ ಕೇಳುತ್ತೇನೆ. ಮಾಡುವುದನ್ನು ಬಿಡುವುದಿಲ್ಲ."

ಸಾಕ್ಷಿಯಾಗಿ ಸಹಿ ಹಾಕುತ್ತೀರಾ ಎಂದು ಕೇಳಿದಾಗ ಸೌಪರ್ಣಿಕಾ ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದರು. ಅದಕ್ಕೆ ಇದುವರೆಗೂ ಉತ್ತರ ಬಂದಿಲ್ಲ. ಮೇಲಿನ ಬೀದಿಯ ಒಂದು ಮನೆಯವರು ಮಾತ್ರ ಈಗ ಮಗುವನ್ನು ಊಟಕ್ಕೆ ಬಿಡುತ್ತಾರೆ. ಉಳಿದವರು ಹೊತ್ತಿಗೆ ಸರಿಯಾಗಿ ಬಂದು ಕರೆದೊಯ್ಯುತ್ತಾರೆ, ಆದರೆ ಹೊಟ್ಟೆಯ ಮಾತೆತ್ತುವುದಿಲ್ಲ. ಗಂಗಾಲಕ್ಷ್ಮಿ ಎಲ್ಲ ಮಕ್ಕಳಿಗೂ ಲೆಕ್ಕ ಹಾಕಿಯೇ ಅಕ್ಕಿ ತೊಳೆಯುತ್ತಾಳೆ.