ಅಮ್ಮನ ಅಪ್ಪಣೆ ಹೊತ್ತು ತರುತ್ತಿದ್ದ ಬಸ್ಸು

ಅಮ್ಮ ಯಾರ ಮನೆಗೆ ಹೋದರೂ ಚಾವಡಿಯಲ್ಲಿ ಕೂರುತ್ತಿರಲಿಲ್ಲ. ಕಾಲು ತೊಳೆದವಳೇ ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ, ಒಮ್ಮೆ ಮೂಸಿ, "ಉಪ್ಪು ಕಮ್ಮಿ" ಎನ್ನುತ್ತಿದ್ದಳು. ರುಚಿ ನೋಡುವ ಪದ್ಧತಿಯೇ ಇಲ್ಲ. ಸಿಟ್ಟು ಬರುವ ಸಂಗತಿಯೆಂದರೆ, ಹೆಚ್ಚಿನ ಸಲ ಉಪ್ಪು ಕಮ್ಮಿಯೇ ಇರುತ್ತಿತ್ತು.

ಅವಳು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಖಾರ ಇಳಿದುಹೋಗುತ್ತದೆ. ಉಳಿದರ್ಧವೇ ಓದುವವರಿಗೆ ಸಾಕಾದೀತು.

ವಾಮದಪದವಿನ ಹತ್ತಿರ ನಮ್ಮ ಮನೆ. ಅಳಿಯಸಂತಾನದ ಕುಟುಂಬ, ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಹೆಸರಿಗೆ ಯಜಮಾನರು ಸೋದರಮಾವ, ನಡೆಯುತ್ತಿದ್ದುದು ಅಮ್ಮನ ಮಾತು. ಮಾವ ಬಂಟ್ವಾಳದ ಪೇಟೆಗೆ ಹೊರಟರೂ, "ಆ ಅಂಗಿ ಬೇಡ, ಬದಲಿಸು" ಎಂದು ಒಳಗಿನಿಂದ ಕೂಗುತ್ತಿದ್ದಳು. ಅಪ್ಪನ ಮನೆ ಬೆಳ್ತಂಗಡಿಯಿಂದಾಚೆ, ಮುಂಡಾಜೆಯಲ್ಲಿ. ಅವರು ಅಲ್ಲಿ ತಮ್ಮ ತಾಯಿಯ ಜೊತೆಗಿದ್ದು ಗದ್ದೆ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿಗೆ ಬಿಡುವಾದಾಗ ಬರುತ್ತಿದ್ದರು. ಬಂದರೆ ಚಾವಡಿಯ ಬೆಂಚಿನ ತುದಿಯಲ್ಲಿ, ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂರುವುದು. ಅವರೆದುರು ನೀರು ಬೆಲ್ಲ ಇಡುತ್ತಿದ್ದುದು ನಾನು. ಅಪ್ಪನಿಗೆ ಯಾಕೆ ನೀರು ಬೆಲ್ಲ, ಅವರೇನು ನೆಂಟರಾ ಎಂದು ಒಮ್ಮೆ ಕೇಳಿದ್ದಕ್ಕೆ ಅಮ್ಮ, "ಮತ್ತೇನು? ಗಂಡಸು ಅಂದರೆ ಬರುವವ, ಹೋಗುವವ. ಮನೆ ಇರುವುದು ಹೆಂಗಸಿಗೆ" ಎಂದಿದ್ದಳು. ಅಪ್ಪನಿಗೆ ಕೇಳಿಸಿತ್ತು. ಅವರು ಬೆಲ್ಲದ ತುಂಡನ್ನು ಬಾಯಿಗಿಟ್ಟುಕೊಂಡು ಅಂಗಳ ನೋಡುತ್ತಿದ್ದರು.

ಐವತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ನಮ್ಮವರಿಗೆ ಮೂಡುಬಿದಿರೆಯಲ್ಲಿ ಬಸ್ಸಿನ ಬುಕಿಂಗ್ ಆಫೀಸಿನಲ್ಲಿ ಕೆಲಸ. ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಹೆಚ್ಚು. ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, "ಒಟ್ಟಿಗೆ ಇರುವ, ಆಗದಾ?" ಎಂದು ಕೇಳಿದರು. ನಾನು ಕುಣಿದುಕೊಂಡು ಹೋದೆ. ಅಮ್ಮ ಅಳಿಯನ ಹೆಸರು ಹೇಳದೆ ಕೊನೆಯವರೆಗೂ "ಬುಕಿಂಗಿನವರು" ಎಂದೇ ಕರೆದಳು, ಅವರು ನನಗೊಂದು ಟಿಕೆಟ್ ಹರಿದುಕೊಟ್ಟು ಕರೆದೊಯ್ದರೋ ಎಂಬಂತೆ.

ಅಲ್ಲಿಂದ ಶುರುವಾಯಿತು. ಬಂಟ್ವಾಳದಿಂದ ವಾಮದಪದವಿನ ಮೇಲಿಂದ ಮೂಡುಬಿದಿರೆಗೆ ಬರುವ ಬೆಳಗಿನ ಬಸ್ಸನ್ನು ಅಮ್ಮ ಮಾರ್ಗದ ಬದಿಯಲ್ಲಿ ನಿಂತು ನಿಲ್ಲಿಸುತ್ತಿದ್ದಳು. ಹತ್ತುವುದಕ್ಕಲ್ಲ. ಬಸಳೆಯ ಕಟ್ಟು, ಕುಚ್ಚಲಕ್ಕಿಯ ಗಂಟು, ಜೊತೆಗೊಂದು ಅಪ್ಪಣೆ. ಕಂಡಕ್ಟರ್ ಅಬ್ಬು ಬ್ಯಾರಿ ಬಡಪಾಯಿ, ಎಲ್ಲವನ್ನೂ ಚಾಚೂ ತಪ್ಪದೆ ತಲುಪಿಸುತ್ತಿದ್ದ. ಅದೂ ಬಸ್ ಸ್ಟ್ಯಾಂಡಿನಲ್ಲಿ, ಬುಕಿಂಗ್ ಆಫೀಸಿನ ಕಿಟಕಿಯೆದುರು, ಹತ್ತಾರು ಜನರ ಮಧ್ಯೆ, ಒಳಗಿದ್ದ ಇವರಿಗೆ ಕೇಳುವಂತೆ ಕೂಗಿ.

"ಅಮ್ಮ ಹೇಳಿದ್ದಾರೆ, ಅಕ್ಕ ತಲೆಗೆ ಎಣ್ಣೆ ಹಾಕದೆ ಸ್ನಾನ ಮಾಡಬಾರದಂತೆ. ಬಂಗುಡೆ ಮೀನು ತಂದರೆ ನೀವು ಕಿವಿರು ನೋಡಿ ತರಬೇಕಂತೆ. ಕಳೆದ ಸಲ ತಂದದ್ದು ಹಳತಂತೆ."

ಕಳೆದ ಸಲದ ಬಂಗುಡೆ ಹಳತೆಂದು ವಾಮದಪದವಿನಲ್ಲಿ ಕೂತವಳಿಗೆ ಹೇಗೆ ಗೊತ್ತಾಯಿತು? ಅದೂ ಅಬ್ಬುವೇ. ಸುದ್ದಿಯನ್ನು ಎರಡೂ ಕಡೆಗೆ ಒಯ್ಯುತ್ತಿದ್ದ.

"ಮಾರಾಯ, ನೀನು ಟಿಕೆಟ್ ಮಾತ್ರ ಕೊಟ್ಟುಕೊಂಡಿರು" ಎಂದು ನಾನು ಗದರಿದರೆ ಅವನು ಕೈಮುಗಿದು, "ಅಕ್ಕಾ, ನಿಮಗೆ ಹೆದರಿದರೆ ಆಗ್ತದಾ? ಅವರು ಬಸ್ಸಿನ ಎದುರು ನಿಲ್ಲುತ್ತಾರೆ!" ಎನ್ನುತ್ತಿದ್ದ.

ಮಳೆಗಾಲದ ಆಟಿ ತಿಂಗಳು ಬಂದಾಗ, ಹೊಸ ಮದುಮಗಳು ತಾಯಿಮನೆಯಲ್ಲಿರಬೇಕೆಂದು ಕರೆಸಿಕೊಂಡಳು. ಆಟಿ ಮುಗಿಯಿತು, ನನ್ನನ್ನು ಬಿಡುವ ಸುದ್ದಿಯಿಲ್ಲ. ಅತ್ತು ಕರೆದು ವಾಪಸು ಬಂದರೆ ಹಿಂದೆಯೇ ತಾನೂ ಬಂದಳು. ಮೂಡುಬಿದಿರೆಯ ನನ್ನ ಪುಟ್ಟ ಅಡುಗೆಮನೆಯಲ್ಲಿ ಮಸಾಲೆ ರುಬ್ಬಲು ಇಟ್ಟ ಕಡೆಯುವ ಕಲ್ಲು ಇದ್ದ ಜಾಗ ಸರಿಯಿಲ್ಲವೆಂದು ಇಬ್ಬರು ಆಳುಗಳಿಂದ ಅದನ್ನು ಹಿತ್ತಿಲಿಗೆ ಸಾಗಿಸಿದಳು. ಸಂಜೆ ಇವರು ಬಂದು, ಕಲ್ಲಿದ್ದ ಜಾಗವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಹೊರಗೆ ಹೋಗಿ ಜಗಲಿಯ ತುದಿಯಲ್ಲಿ ಕೂತರು. ಥೇಟ್ ನನ್ನ ಅಪ್ಪನ ಹಾಗೆ.

ಮೊದಲ ಹೆರಿಗೆ ತಾಯಿಮನೆಯಲ್ಲೇ ತಾನೇ. ಹೋದೆ. ಹೆಣ್ಣು ಹುಟ್ಟಿತು. ಅಮ್ಮನ ಸಂಭ್ರಮ ಹೇಳತೀರದು. ನನ್ನ ಬಾಣಂತನವನ್ನು ಅವಳು ಮಾಡಿದ ಹಾಗೆ ಇನ್ನಾರೂ ಮಾಡಲಾರರು. ಬಚ್ಚಲಿನ ಹಂಡೆಗೆ ತಾನೇ ಬೆಂಕಿ ಹಾಕುತ್ತಿದ್ದಳು, ಮಗುವಿನ ಮೈಗೆ ಎಣ್ಣೆ ತಿಕ್ಕುವಾಗ ಅವಳ ಗಡಸು ಕೈ ಹತ್ತಿಯಾಗುತ್ತಿತ್ತು. ಆದರೆ ಬಾಣಂತನ ಮುಗಿದು ಇವರು ಕರೆಯಲು ಬಂದರೆ ನೀರು ಬೆಲ್ಲ ಕೊಟ್ಟು, "ಇವತ್ತು ಅಮಾವಾಸ್ಯೆ" ಎಂದಳು. ಇನ್ನೊಮ್ಮೆ ಬಂದಾಗ ಮಗುವಿಗೆ ಶೀತ. ಮಗದೊಮ್ಮೆ ಬಂದಾಗ ಶೀತವಿರಲಿಲ್ಲ, ಆದರೆ ಬರಬಹುದು ಎಂದಳು. ಇವರು ಪ್ರತಿಸಲವೂ ಬೆಲ್ಲ ತಿಂದು ಬಸ್ಸು ಹತ್ತಿದರು.

ಕೊನೆಯ ಸಲ ಇವರು ಬಂದ ದಿನ ಅಪ್ಪನೂ ಮುಂಡಾಜೆಯಿಂದ ಬಂದಿದ್ದರು. ನಾನು ಬಾಗಿಲ ಮರೆಯಿಂದ ಇಣುಕಿದೆ. ಬೆಂಚಿನ ಈ ತುದಿಯಲ್ಲಿ ಅಪ್ಪ, ಆ ತುದಿಯಲ್ಲಿ ನನ್ನ ಗಂಡ. ಇಬ್ಬರೆದುರೂ ಒಂದೊಂದು ತಂಬಿಗೆ ನೀರು, ಒಂದೊಂದು ತುಂಡು ಬೆಲ್ಲ. ಇಬ್ಬರೂ ಅಂಗಳ ನೋಡುತ್ತಿದ್ದಾರೆ.

ನಾನು ಒಳಗೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬಿದೆ. ಮಗುವನ್ನು ಎತ್ತಿಕೊಂಡು ಚಾವಡಿಗೆ ಬಂದೆ.

"ಎಲ್ಲಿಗೆ?" ಎಂದಳು ಅಮ್ಮ.

"ಮನೆಗೆ."

"ಇವತ್ತು ಮಂಗಳವಾರ."

"ಮಂಗಳವಾರವೂ ಬಸ್ಸು ಉಂಟು, ಅಮ್ಮ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನಗೆ ಹೋಗಬೇಕೆಂದಿದ್ದರೆ ಹೋಗು. ಮಗು ಇಲ್ಲಿರಲಿ. ಇದು ಈ ಮನೆಯ ಹೆಣ್ಣು. ನಾಳೆ ಈ ಮನೆಗೆ ದೀಪ ಇಡುವವಳು."

"ಈ ಮನೆಯ ಹೆಣ್ಣೇ. ಅಲ್ಲ ಅಂತ ಯಾರು ಹೇಳಿದರು? ಆದರೆ ಇವಳಿಗೆ ಅಪ್ಪನೂ ಬೇಕು. ಬಂದು ಹೋಗುವ ಅಪ್ಪ ಅಲ್ಲ, ಮನೆಯಲ್ಲಿರುವ ಅಪ್ಪ. ಇವಳ ಕೈಯಿಂದ ಅಪ್ಪನಿಗೆ ನೀರು ಬೆಲ್ಲ ಕೊಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ."

ಅಮ್ಮನಿಗೆ ಎದುರು ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ನನ್ನನ್ನೂ ಸೇರಿಸಿ. ಅವಳು ಅಪ್ಪನತ್ತ ತಿರುಗಿ, "ಕೇಳಿದಿರಾ ಮಗಳ ಮಾತು? ನೀವಾದರೂ ಬುದ್ಧಿ ಹೇಳಿ" ಎಂದಳು. ಅಪ್ಪನ ಅಭಿಪ್ರಾಯವನ್ನು ಅವಳು ಕೇಳಿದ್ದು ಅದೇ ಮೊದಲಿರಬೇಕು.

ಅಪ್ಪ ಎದ್ದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ನನ್ನ ಪೆಟ್ಟಿಗೆ ಎತ್ತಿಕೊಂಡರು. "ಬಸ್ಸಿಗೆ ಹೊತ್ತಾಯಿತು" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಮಾರ್ಗದ ಬದಿಯಲ್ಲಿ ಬಸ್ಸಿಗೆ ಕಾಯುವಾಗ ಮೊಮ್ಮಗಳ ಕೆನ್ನೆ ಮುಟ್ಟಿ, "ನನಗೂ ಬೆಲ್ಲ ಸಾಕಾಗಿತ್ತು ಮಗಾ" ಎಂದರು. ನಗುತ್ತಲೇ ಹೇಳಿದರು. ನಾನು ನಗಲಿಲ್ಲ.

ಆಮೇಲೆ ಬಸ್ಸಿನಲ್ಲಿ ಏನೂ ಬರಲಿಲ್ಲ. ಬಸಳೆಯಿಲ್ಲ, ಅಕ್ಕಿಯಿಲ್ಲ, ಅಪ್ಪಣೆಯಿಲ್ಲ. "ದಿನಾ ಮಾರ್ಗದ ಬದಿಗೆ ಬಂದು ನಿಲ್ಲುತ್ತಾರೆ ಅಕ್ಕ. ಬಸ್ಸು ನಿಲ್ಲಿಸಿದರೆ, ‘ನಿನಗೇನು ಕೆಲಸ ಇಲ್ಲವಾ, ಹೋಗು’ ಅಂತ ನನಗೇ ಬೈಯುತ್ತಾರೆ" ಎಂದು ಅಬ್ಬು ಹೇಳಿದ. ಬೇಕೆಂದೇ ನಾನೂ ಗಟ್ಟಿಯಾಗಿದ್ದೆ. ಮಗು ನಡೆಯಲು ಕಲಿತ ಮೇಲೆ ಒಂದು ದಿನ ಅಮ್ಮನೇ ಬಸ್ಸಿನಿಂದಿಳಿದಳು. ಕಡೆಯುವ ಕಲ್ಲನ್ನು ನಾನು ಮತ್ತೆ ಒಳಗೆ ತರಿಸಿದ್ದೆ. ಅದನ್ನು ಕಂಡು ಅವಳು ಬಾಯಿ ತೆರೆದಳು. "ಅದು ಅಲ್ಲೇ ಇರ್ತದೆ" ಎಂದೆ. ಬಾಯಿ ಮುಚ್ಚಿದಳು. ಇದ್ದಷ್ಟು ದಿನವೂ ಆ ಕಲ್ಲಿಗೆ ಬೆನ್ನು ಹಾಕಿಯೇ ಕೂತಳು. ಬದಲಾದಳು ಎಂದು ಯಾರೂ ತಿಳಿಯಬಾರದು. ಪಕ್ಕದ ಮನೆಯವರ ಕಡೆಯುವ ಕಲ್ಲನ್ನು ಸರಿಸಿ ಹೋದಳು.

ಅರವತ್ತರ ದಶಕದ ಆರಂಭದಲ್ಲಿ ಅಪ್ಪ ಮುಂಡಾಜೆಯಲ್ಲಿ ತೀರಿಕೊಂಡರು. ಅಮ್ಮ ಹೋಗಿ, ಬಂದ ಹೆಂಗಸರ ನಡುವೆ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂತು, ಸಂಜೆಯೇ ಹಿಂದಿರುಗಿದಳು. ಉಳಿಯಿರಿ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳೂ ಹಾಸಿಗೆ ಹಿಡಿದಳು. ನೋಡಲು ಹೋದೆ. ಮಲಗಿದಲ್ಲಿಂದಲೇ ಆಳುಗಳಿಗೆ, ಮಾವನಿಗೆ, ನನಗೆ ಅಪ್ಪಣೆ ಕೊಡುತ್ತಿದ್ದಳು. ನನ್ನ ಸೀರೆಯ ಬಣ್ಣ, ಮಗಳ ಜಡೆ, ಯಾವುದೂ ಅವಳಿಗೆ ಸರಿಬರಲಿಲ್ಲ. ನಾನೂ ಸುಮ್ಮನಿರದೆ ಒಂದೊಂದಕ್ಕೂ ಉತ್ತರ ಕೊಟ್ಟೆ. ಮಧ್ಯಾಹ್ನವಾಗುತ್ತಿದ್ದಂತೆ ಇದ್ದಕ್ಕಿದ್ದಂತೆ ಕೇಳಿದಳು:

"ಬುಕಿಂಗಿನವರು ಊಟಕ್ಕೆ ಮನೆಗೇ ಬರ್ತಾರಾ?"

"ಹೌದು."

"ದಿನಾ?"

"ದಿನಾ, ಅಮ್ಮ."

ಅವಳು ಮಾಡಿನ ಜಂತಿ ನೋಡುತ್ತ ಮಲಗಿದಳು. ನಿದ್ದೆ ಬಂತೆಂದುಕೊಂಡು ನಾನು ಹೊದಿಕೆ ಸರಿಮಾಡಿದೆ. ನನ್ನ ಕೈಯನ್ನು ತಳ್ಳಿದಳು.

"ಹಾಗಾದರೆ ನೀನು ಇಲ್ಲಿ ಕೂತು ಏನು ಮಾಡುತ್ತೀ? ಅವರಿಗೆ ಬಡಿಸುವವರು ಯಾರು? ಹೊರಡು. ಬಸ್ಸು ಬರುವ ಹೊತ್ತಾಯಿತು."

"ಇವತ್ತೊಂದು ದಿನ ಇರ್ತೇನೆ."

"ಹೋಗು ಅಂದರೆ ಹೋಗಬೇಕು."

ಹೋದೆ. ಅಂಗಳ ದಾಟಿ ಮಾರ್ಗಕ್ಕೆ ಬಂದರೂ, ಬಾಗಿಲು ಸರಿಯಾಗಿ ಹಾಕಿ ಹೋಗಲಿಲ್ಲವೆಂದು ಅವಳು ಒಳಗಿನಿಂದ ಬೈಯುತ್ತಿರುವುದು ಕೇಳುತ್ತಿತ್ತು. ಅದೇ ವಾರ ಅಬ್ಬು ಬುಕಿಂಗ್ ಆಫೀಸಿನೆದುರು ಬಸ್ಸು ನಿಲ್ಲಿಸಿದವನು, ಅಲ್ಲಿ ಏನನ್ನೂ ಕೂಗಿ ಹೇಳದೆ, ನಮ್ಮ ಮನೆಯವರೆಗೆ ನಡೆದು ಬಂದ.