ಮುನಿಯಪ್ಪ ಒಬ್ಬರೇನಾ?

ಹಳೆಯ ಗಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಬೇರೆ ಬೇರೆ ಕಾಗದಗಳಲ್ಲಿರುವ ಹೆಸರು ಒಬ್ಬರದೇ ಅನ್ನಿಸಿದರೆ ಸಾಫ್ಟ್‌ವೇರ್ ಗೆರೆ ಎಳೆದು ಜೋಡಿಸುತ್ತದೆ. ಹೌದೋ ಅಲ್ಲವೋ ಹೇಳಬೇಕಾದವನು ನಾನು.

ನಂದಿದುರ್ಗ ಗಣಿಯ ಹಾಜರಿ ಪುಸ್ತಕದ ಮುನಿಯಪ್ಪನೂ ಬೂದಿಕೋಟೆಯ ಈಗಿನ ಮತದಾರರ ಪಟ್ಟಿಯ ಮುನಿಯಪ್ಪನೂ ಒಬ್ಬರೇ ಎಂದು ಅದು ಹಟ ಹಿಡಿಯಿತು. ಆದರೆ ಗಣಿಯ ಮುನಿಯಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿಯನ್ನೇ ಕೇಳೋಣ ಎಂದು ಗಣಿ ಕಾರ್ಮಿಕರ ಲೈನ್ ಮನೆಗೆ ಹೋದೆ.

"ಕೆಲ್ಸ ಸಿಕ್ಕಿದ್ದು ನಮ್ ಬಾವಂಗೆ, ಯಜಮಾನ್ರ ಅಣ್ಣಂಗೆ. ಒಂದ್ ದಿನ ಗಣಿಗಿಳಿದು ಎದ್ರುಕೊಂಡು ಊರಿಗೆ ಓಗ್ಬುಟ್ರು. ಅವ್ರೆಸ್ರಲ್ಲಿ ನಮ್ ಯಜಮಾನ್ರು ಕೊನೇಗಂಟ ಇಳುದ್ರು," ಎಂದರು ಅಜ್ಜಿ.

"ಯಾರಿಗೂ ಗೊತ್ತಾಗಲಿಲ್ವಾ?"

"ಎಲ್ರಿಗೂ ಗೊತ್ತು, ಕಾಗ್ದಕ್ಕೆ ಗೊತ್ತಿಲ್ಲ. ಯಜಮಾನ್ರು ತೀರ್ಕೊಂಡಾಗ ಆಫೀಸ್ನೋರು ಬಾವನೆಸ್ರು ಬರ್ದು ಊವಿನ ಆರ ಕಳ್ಸಿದ್ರು. ಬಾಗ್ಲಲ್ಲಿ ನಿಂತು ಈಸ್ಕೊಂಡಿದ್ದೂ ಬಾವನೇ."

ಅಷ್ಟು ವರ್ಷ ಗಣಿಗಿಳಿದವರ ಹೆಸರು ಒಂದು ಕಾಗದದಲ್ಲೂ ಇಲ್ಲವಲ್ಲ ಎಂದು ಕಸಿವಿಸಿಯಾಯಿತು. 'ಅಲ್ಲ' ಒತ್ತಿ, ಹೊಸಬರನ್ನು ಸೇರಿಸಲು ಯಜಮಾನರ ಹೆಸರು ಕೇಳಿದೆ.

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು. "ಗಂಡನೆಸ್ರು ಏಳ್ತಾರಾ ಯಾರಾದ್ರೂ? ಓಗಿ ಬಾವನ್ನೇ ಕೇಳಿ."

ಹೆಸರಿನ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗುವುದಿಲ್ಲ. ಬಂಗಾರಪೇಟೆಗೆ ಹೋಗಿ ಬೂದಿಕೋಟೆ ಬಸ್ಸು ಹತ್ತಿದೆ, ಸತ್ತ ಮುನಿಯಪ್ಪನವರ ಹೆಸರೇನು ಅಂತ ಬದುಕಿರುವ ಮುನಿಯಪ್ಪನವರನ್ನು ಕೇಳೋಕೆ.